ಆರನೆಯ ಫೋಟೋ

'ಗಭೀರ' ಎಂಬ ಪ್ರಯೋಗಾಲಯ ಮಲ್ಪೆಯಿಂದ ಪಶ್ಚಿಮಕ್ಕೆ ನೂರರವತ್ತು ಕಿಲೋಮೀಟರ್ ದೂರದಲ್ಲಿ, ಸಾವಿರದ ಒಂಬೈನೂರು ಮೀಟರ್ ಆಳದಲ್ಲಿ, ಅರಬ್ಬಿ ಸಮುದ್ರದ ತಳದ ಮೇಲೆ ಕೂತಿದೆ. ಅದರ ಜಾಲತಾಣ ನನ್ನ ಮೇಜಿನ ಮೇಲಿದೆ. ಇವೆರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕೆಳಗಿರುವುದು ಸಾಲಾಗಿ ಜೋಡಿಸಿದ ಮೂರು ಉಕ್ಕಿನ ಕೋಣೆಗಳು. ಮೊದಲನೆಯದರಲ್ಲಿ ಪ್ರಯೋಗ, ಎರಡನೆಯದರಲ್ಲಿ ಊಟ, ನಿದ್ದೆ. ಮೂರನೆಯ ಕೋಣೆಯ ನೆತ್ತಿಗೆ ಕಚ್ಚಿಕೊಂಡಂತೆ ಪಾರಾಗುವ ಗೋಳ. ಕೋಣೆ ಕೋಣೆಯ ನಡುವೆ ಚಕ್ರ ತಿರುಗಿಸಿ ಮುಚ್ಚುವ ದಪ್ಪ ಬಾಗಿಲು. ಒಂದು ಪಾಳಿ ಎಂದರೆ ನಲವತ್ತೈದು ದಿನ. ತಳದ ಕೆಸರಿನಲ್ಲಿ ಕಬ್ಬಿಣ ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ಹಿಡಿದು ಓದುವುದು ಕೆಲಸ. ಆ ಜೀವಿಗಳಿಗೆ ಪ್ರಯೋಗಾಲಯದ ಗೋಡೆಯೇ ಭಕ್ಷ್ಯಭೋಜ್ಯವಾದೀತಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ವಿಜ್ಞಾನಿಗಳು ನಗಲಿಲ್ಲ.

ಸಮುದ್ರದ ನೀರಿನೊಳಗೆ ರೇಡಿಯೋ ಹೋಗುವುದಿಲ್ಲ, ಶಬ್ದ ಹೋಗುತ್ತದೆ. ಮೇಲೆ ತೇಲುವ ಒಂದು ಬುರುಡೆ ಕೆಳಗಿನ ಸದ್ದನ್ನು ಕೇಳಿ ಉಪಗ್ರಹಕ್ಕೆ ಹೇಳುತ್ತದೆ, ಉಪಗ್ರಹ ನಮಗೆ. ನಾವು ಹೇಳಿದ್ದೂ ಅದೇ ದಾರಿಯಲ್ಲಿ ಇಳಿಯುತ್ತದೆ. ವೇಗ ಸೆಕೆಂಡಿಗೆ ನೂರೈವತ್ತು ಅಕ್ಷರ. ಕುಶಲ ವಿಚಾರಿಸುವುದಕ್ಕೆ ಧಾರಾಳ ಸಾಕು. ಚಿತ್ರ ಕಳಿಸಲು ಹೊರಟರೆ ಚಹಾ ಕುಡಿದು, ಪತ್ರಿಕೆ ಓದಿ ಬರಬಹುದು.

ನಾನು ಮೊದಲು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದವನು. ಪತ್ರಿಕೆ ಮುಚ್ಚಿದ ಮೇಲೆ ಈ ಕೇಂದ್ರದ ಜಾಲತಾಣ ನೋಡಿಕೊಳ್ಳಲು ಸೇರಿದೆ. ತಣ್ಣಗಿರುವ ಕೋಣೆ ಅದೊಂದೇ ಎಂಬ ಕಾರಣಕ್ಕೆ ನನ್ನ ಮೇಜನ್ನು ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಹಾಕಿದ್ದರು. 'ನಮ್ಮ ಧ್ಯೇಯ', 'ನಮ್ಮ ಕೆಲಸ', 'ನಮ್ಮ ತಂಡ' ಎಂದು ಮೂರು ಪುಟ. ಧ್ಯೇಯವನ್ನು ಯಾರೂ ಓದುವುದಿಲ್ಲ. ಕೆಲಸವನ್ನು ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗಳು ಕದಿಯುತ್ತಾರೆ. ತಂಡದ ಪುಟವನ್ನು ಮಾತ್ರ ತಂಡದವರ ಮನೆಯವರು ದಿನಾ ತೆರೆಯುತ್ತಾರೆ. ಕೆಳಗಿರುವವರ ಹೆಸರಿನ ಪಕ್ಕ ಹಸಿರು ದೀಪ ಇರುತ್ತದೆ: 'ಕರ್ತವ್ಯದಲ್ಲಿದ್ದಾರೆ.'

ಎರಡು ವರ್ಷದ ಹಿಂದೆ ಒಂದು ತಪಾಸಣಾ ಸಮಿತಿ ಬಂತು. ವರ್ಗವಾಗಿ ಹೋದ ವಿಜ್ಞಾನಿಯೊಬ್ಬರು ನಮ್ಮ ಪುಟದಲ್ಲಿ ಇನ್ನೂ ನಗುತ್ತಿದ್ದರು. ಕ್ಯಾಂಟೀನಿನ ಪಟ್ಟಿಯಲ್ಲಿ ಅವರು ಊಟವನ್ನೂ ಮಾಡುತ್ತಿದ್ದರು. ಸಮಿತಿಯವರು ಇದನ್ನು ನಾಲ್ಕು ಪುಟ ಬರೆದು ಹೋದರು. ನಮ್ಮ ನಿರ್ದೇಶಕ ಡಾ. ಅಂಬಾದಾಸ ಕಟ್ಟಿಯವರು ನನ್ನನ್ನು ಕರೆದರು. ಧಾರವಾಡದ ಕಡೆಯವರು, ಕಡಲನ್ನು ಮೊದಲು ನೋಡಿದ್ದು ಮೂವತ್ತನೆಯ ವಯಸ್ಸಿನಲ್ಲಿ, ನೋಡಿದ ಮೇಲೆ ಬಿಡಲಿಲ್ಲ.

"ಐತಾಳ್ರ, ಹತ್ತು ಕಡೆ ಹತ್ತು ಪಟ್ಟಿ ಇದ್ರ ಹಿಂಗ ಆಗ್ತದ. ಒಂದ ಪಟ್ಟಿ ಮಾಡ್ರಿ. ನಿಮ್ಮ ಜಾಲತಾಣದಾಗ ಇದ್ದವರು ಇದ್ದಂಗ, ಇಲ್ಲದವರು ಇಲ್ಲದಂಗ. ಎಲ್ಲಾ ಅಲ್ಲಿಂದನ ಓದ್ಕೋಬೇಕು."

'ಒಂದೇ ಪಟ್ಟಿ' ಆದೇಶವನ್ನು ಬರೆದವನು ನಾನೇ. ಭಾಷೆ ಚೆನ್ನಾಗಿತ್ತು. ಊಟದ ಟೋಕನ್, ಹಾಜರಿ, ವಿಮೆ, ಕೆಳಗೆ ಇಳಿಸುವ ಅಕ್ಕಿ, ಕೊನೆಗೆ ಪಾರಾಗುವ ಗೋಳದ ಬಾಗಿಲು ಕೂಡ ಅಂದಿನಿಂದ 'ನಮ್ಮ ತಂಡ' ಪುಟವನ್ನೇ ಓದಿ ನಡೆಯತೊಡಗಿದವು. ಪುಟಕ್ಕೆ ಯಾರನ್ನಾದರೂ ಸೇರಿಸುವ ನಮೂನೆಯ ನಿಯಮಗಳೂ ನನ್ನವೇ. ಮುಖ ಸ್ಪಷ್ಟವಾಗಿ ಕಾಣಬೇಕು, ಹಿನ್ನೆಲೆ ನೀಲಿ ಇರಬೇಕು, ಕಾಲರ್ ಇರುವ ಅಂಗಿ ಹಾಕಿರಬೇಕು, ಫೋಟೋದ ತೂಕ ಮುನ್ನೂರು ಕೆಬಿಗಿಂತ ಕಡಿಮೆ ಇರಕೂಡದು. ಅಂಚೆಚೀಟಿಯಷ್ಟು ಮಸುಕು ಮುಖಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಲೋಲಾಕ್ಷಿ ಮೊದಲ ಸಲ ಬಂದದ್ದು ಆ ಆದೇಶ ಬಂದು ಮೂರು ತಿಂಗಳಿಗೆ. ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ ಮುಗಿಸಿ ನೇರ ಬಂದಿದ್ದರು. ನಿಯಂತ್ರಣ ಕೊಠಡಿಯ ತಣ್ಣನೆಯ ಗಾಳಿಗೆ ಮೊದಲ ಬಾರಿಗೆ ಕಡಲಿನ ವಾಸನೆ ತಾಗಿತು.

"ಸಾರ್, ಈ ಪುಟದಲ್ಲಿ ಐದು ಜನರದ್ದು ಉಂಟು. ಇವರದ್ದು ಯಾಕಿಲ್ಲ?"

'ಇವರು' ಎಂದರೆ ಗಂಡ ಯಾದವ ಮೆಂಡನ್. ಹದಿನಾರು ವರ್ಷ ಬೋಟಿನ ಇಂಜಿನ್ ರಿಪೇರಿ ಮಾಡಿದವರು, ಈಗ ನಾಲ್ಕು ವರ್ಷದಿಂದ ಕೆಳಗಿನ ಬಾಗಿಲು, ಪಂಪು, ಅಡುಗೆ ನೋಡಿಕೊಳ್ಳುವವರು. ಐದು ವಿಜ್ಞಾನಿಗಳು ಪಾಳಿಗೊಮ್ಮೆ ಬದಲಾದರೂ ಯಾದವರು ಹೆಚ್ಚುಕಮ್ಮಿ ಬದಲಾಗುತ್ತಿರಲಿಲ್ಲ.

"ಅವರು ಗುತ್ತಿಗೆ ನೌಕರರಲ್ವಾ ಅಮ್ಮ, ತಂಡದಲ್ಲಿ ಬರುವುದಿಲ್ಲ" ಎಂದೆ.

"ತಂಡಕ್ಕೆ ಅಡುಗೆ ಮಾಡುವವರು ತಂಡದಲ್ಲಿ ಇಲ್ವಾ?"

"ನಿಯಮ ಹಾಗಿದೆ."

"ನಿಯಮಕ್ಕೆ ಹಸಿವಾಗುದಿಲ್ವಾ ಸಾರ್?"

ಪಕ್ಕದಲ್ಲಿ ಕೂತು ಕೆಳಗಿನ ಸದ್ದು ಕೇಳುತ್ತಿದ್ದ ಝೀನತ್ ಕಿಸಕ್ಕೆಂದಳು. ಕೆಳಗಿನವರೊಂದಿಗಿನ ಸಂಪರ್ಕ ಅವಳ ಜವಾಬ್ದಾರಿ. ಉಳ್ಳಾಲದ ಹುಡುಗಿ, ಯಾರಿಗೂ ಹೆದರುವವಳಲ್ಲ.

ಲೋಲಾಕ್ಷಿಗೆ ಬೇಕಾದದ್ದು ಹೆಮ್ಮೆಯಲ್ಲ, ಸಾಕ್ಷಿ. ಅವರ ಅತ್ತೆ ಸೀತಕ್ಕನಿಗೆ ಮಗ ಕಡಲ ತಳದಲ್ಲಿದ್ದಾನೆ ಎಂಬುದರಲ್ಲಿ ನಂಬಿಕೆ ಇರಲಿಲ್ಲ. ಫೋನ್ ಇಲ್ಲ, ಪತ್ರ ಇಲ್ಲ, ನಲವತ್ತೈದು ದಿನ ಪತ್ತೆ ಇಲ್ಲ. ಯಾದವರ ಅಪ್ಪನೂ ಹೀಗೆಯೇ ಬೋಟಿಗೆಂದು ಬೊಂಬಾಯಿಗೆ ಹೋಗಿ ಅಲ್ಲೊಂದು ಮನೆ ಮಾಡಿಕೊಂಡಿದ್ದನಂತೆ. ಮಗನದ್ದೂ ಅದೇ ಕತೆ, ಸೊಸೆಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ ಎಂಬುದು ಸೀತಕ್ಕನ ತೀರ್ಮಾನ. ಕೇರಿಯೂ ಅದನ್ನು ಸಂತೋಷದಿಂದ ಒಪ್ಪಿಕೊಂಡಿತ್ತು.

ಒಂದು ಭಾನುವಾರ, ಅರ್ಜಿ ನಮೂನೆಯ ನೆಪದಲ್ಲಿ, ನಾನೇ ಪಡುಕೆರೆಯ ಅವರ ಮನೆಗೆ ಹೋದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಆ ಮನೆ. ಸೀತಕ್ಕ ಜಗಲಿಯಲ್ಲಿ ಒಣಮೀನಿಗೆ ಕಾಗೆ ಕಾಯುತ್ತಿದ್ದರು.

"ನೀವಾ ಆ ಆಫೀಸಿನವರು? ನನ್ನ ಮಗ ಎಲ್ಲುಂಟು?"

"ಕೆಳಗಿದ್ದಾರೆ ಅಮ್ಮ. ಕಡಲ ಅಡಿಯಲ್ಲಿ."

"ಕಡಲ ಅಡಿಗೆ ಹೋದವರು ಯಾರೂ ವಾಪಸ್ ಬಂದದ್ದು ನಾನು ಕಂಡಿಲ್ಲ. ಇವನು ನಲವತ್ತೈದು ದಿವಸಕ್ಕೊಮ್ಮೆ ತಲೆ ಬಾಚಿಕೊಂಡು ಬರ್ತಾನೆ."

"ನೋಡಿದ್ರಾ ಸಾರ್" ಎಂದರು ಲೋಲಾಕ್ಷಿ. "ಒಂದು ಫೋಟೋ ಇದ್ರೆ ಸಾಕಿತ್ತು. ಇವರಿಗೆ ಓದ್ಲಿಕ್ಕೆ ಬರುದಿಲ್ಲ, ಹಸಿರು ದೀಪ ಕಾಣ್ತದೆ."

ಒಂದು ಫೋಟೋ ಕೊಟ್ಟರು. ಬಂದರಿನ ಕಟ್ಟೆಯ ಮೇಲೆ, ಬನಿಯನ್ ಲುಂಗಿಯಲ್ಲಿ, ಹೆಗಲಿನ ಮೇಲೆ ಒಂದು ದೊಡ್ಡ ಅಂಜಲ್ ಮೀನು ಹೊತ್ತು, ಬಾಯಿತುಂಬ ನಗುತ್ತಿರುವ ಯಾದವ ಮೆಂಡನ್. ಮೀನು ಯಾದವರಿಗಿಂತ ಗಂಭೀರವಾಗಿತ್ತು. ನೀಲಿ ಹಿನ್ನೆಲೆ ಇತ್ತು ಎನ್ನಬಹುದು, ಅದು ಆಕಾಶ. ಕಾಲರ್ ಇರಲಿಲ್ಲ.

"ಇದಕ್ಕಿಂತ..." ಎಂದೆ.

"ಅವರು ಮೇಲೆ ಬಂದಾಗ ಬೇರೆ ತೆಗೆಸ್ತೇನೆ. ಸದ್ಯಕ್ಕೆ ಇದು ಇರ್ಲಿ."

ಫೋಟೋವನ್ನು ಕಂಪ್ಯೂಟರಿಗೆ ಹಾಕಿಟ್ಟೆ. ಕಟ್ಟಿಯವರ ಮುಂದೆ ವಿಷಯ ಇಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ಕಾನೂನು ತಿಳಿದ ಮನುಷ್ಯರು, ಅಷ್ಟೆ.

"ಗುತ್ತಿಗಿ ಮಂದಿನ್ನ ತಂಡ ಅಂತ ನಾವ ಬರದ ಕೊಟ್ರ, ನಾಳೆ ಕಾಯಂ ಮಾಡ್ರಿ ಅಂತ ಕೋರ್ಟಿಗೆ ಹೋಗ್ತಾರ್ರಿ. ಆ ಪುಟಾನ ಸಾಕ್ಷಿ ಆಗ್ತದ. ಯಾದವ ಛಲೋ ಮನಷ್ಯಾ, ಅವಗ ದೀಪಾವಳಿಗೆ ಏನರ ಮಾಡೂಣು."

ಯಾದವರು ಪಾಳಿ ಮುಗಿಸಿ ಬಂದಾಗ ನಾನು ಸಂಕೋಚದಿಂದ ಹೇಳಿದೆ. ಅವರು ನಕ್ಕರು. ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಕೆಳಗೆ ಐದೇ ಜನರ ಅಕ್ಕಿ ಇಳಿಯುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು.

"ಮತ್ತೆ ಆರು ಜನರಿಗೆ ಹೇಗೆ ಬಡಿಸ್ತೀರಿ?"

"ಐದು ಜನರ ಅಕ್ಕಿಯಲ್ಲಿ ಆರು ಜನ ಉಣ್ಣುದನ್ನ ನಮಗೆ ಕಲಿಸ್ಬೇಕಾ ಐತಾಳ್ರೆ? ಗಂಜಿ ಅಂತ ಒಂದು ಉಂಟು."

ಅಕ್ಕಿಯ ಬಗ್ಗೆ ನಾನೊಂದು ಟಿಪ್ಪಣಿ ಬರೆದೆ. ಅಕ್ಕಿ ಕಡಿಮೆ ಬೀಳುವ ಪಟ್ಟಿಯಲ್ಲಿ ಮತ್ತೇನು ಕಡಿಮೆ ಬೀಳಬಹುದು ಎಂದು ಯೋಚಿಸಲಿಲ್ಲ. ಟಿಪ್ಪಣಿಗೆ ಒಂದು ಸಂಖ್ಯೆ ಬಿತ್ತು, ಕಡತಕ್ಕೆ ಹೋಯಿತು. ಯಾದವರು ಮತ್ತೆ ಕೆಳಗೆ ಹೋದರು.

ಅದು ನಡೆದದ್ದು ಒಂದು ಮಂಗಳವಾರ ಬೆಳಿಗ್ಗೆ. ಕಡಲು ಶಾಂತವಾಗಿತ್ತು, ಬಿಸಿಲು ಚೆನ್ನಾಗಿತ್ತು. ಒಂಬತ್ತು ಹನ್ನೆರಡಕ್ಕೆ ಮೊದಲ ಕೋಣೆಯಲ್ಲಿ ನೀರಿನ ಎಚ್ಚರಿಕೆ ಬಂತು. ಗೋಡೆಯಲ್ಲಿ ತಂತಿ ಹಾಯುವ ಒಂದು ತೂತಿನ ರಬ್ಬರ್ ಬಳೆ ಸಡಿಲವಾಗಿತ್ತು. ಆ ಆಳದಲ್ಲಿ ನೀರು ಸೋರುವುದೆಂದರೆ ತೊಟ್ಟಿಕ್ಕುವುದಲ್ಲ. ದಾರದಷ್ಟು ಸಪೂರವಾಗಿ ಒಳನುಗ್ಗುತ್ತದೆ. ಆ ದಾರ ಮರದ ಹಲಗೆಯನ್ನು ಕೊಯ್ಯುತ್ತದೆ.

ಇಂಥದಕ್ಕೆ ಅಭ್ಯಾಸ ಮಾಡಿಸಿದ್ದರು. ಎಲ್ಲರೂ ಮೂರನೆಯ ಕೋಣೆಗೆ ಓಡಿ ಗೋಳ ಹತ್ತಬೇಕು. ಹಿಂದಿನ ಎರಡು ಬಾಗಿಲುಗಳನ್ನು ಒಬ್ಬರು ನಿಂತು ಕೈಯಿಂದ ಮುಚ್ಚಬೇಕು, ಇಲ್ಲವಾದರೆ ನೀರು ಗೋಳದವರೆಗೂ ಬರುತ್ತದೆ. ಆ ಒಬ್ಬರು ಯಾರೆಂದು ಕೈಪಿಡಿಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಕೆಳಗಿನ ಮುಖ್ಯಸ್ಥೆ ಡಾ. ಗ್ಲಾಡಿಸ್ ಲೋಬೊ ಒಂಬತ್ತು ಹದಿನೈದಕ್ಕೆ ಸಂದೇಶ ಕಳಿಸಿದರು: 'ಯಾದವಣ್ಣ ಬಾಗಿಲಲ್ಲಿ. ನಾವು ಹತ್ತುತ್ತಿದ್ದೇವೆ.'

ಒಂಬತ್ತು ಇಪ್ಪತ್ತೊಂದಕ್ಕೆ ಐವರೂ ಗೋಳದೊಳಗಿದ್ದರು. ಝೀನತ್ ನಿಟ್ಟುಸಿರು ಬಿಟ್ಟಳು. ಮರುಕ್ಷಣ ಕುರ್ಚಿಯಿಂದ ಎದ್ದಳು.

"ಐತಾಳ್ ಸಾರ್, ಇದು ಎಂತ? 'ತಂಡ ಪೂರ್ಣ. ಐದರಲ್ಲಿ ಐದು' ಅಂತ ಬರ್ತಾ ಉಂಟು."

ನಾನು ಎದ್ದು ನೋಡಿದೆ. ಗೋಳ ಪಟ್ಟಿಯನ್ನು ಓದಿತ್ತು. ಪಟ್ಟಿಯಲ್ಲಿ ಒಬ್ಬರು ಬಾಕಿ ಇದ್ದರೆ ಗಂಟೆಗಟ್ಟಲೆ ಕಾಯುವಂತೆ ಅದನ್ನು ಮಾಡಿದ್ದರು. ಯಾರೂ ಬಾಕಿ ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಏಳುತ್ತದೆ. ಒಳಗಿನವರು ಗುಂಡಿ ಒತ್ತಿ ತಡೆಯಬಹುದು, ಒಟ್ಟು ಹದಿನೈದು ನಿಮಿಷ ಮಾತ್ರ. ಅದಕ್ಕಿಂತ ಹೆಚ್ಚು ತಡೆಯುವವರು ಗಾಬರಿಯಲ್ಲಿ ಬುದ್ಧಿ ಕಳೆದುಕೊಂಡಿರುತ್ತಾರೆ, ಅವರ ಮಾತು ಕೇಳಬಾರದು ಎಂದು ಹಿಂದಿನ ಒಂದು ಅಭ್ಯಾಸದ ನಂತರ ತೀರ್ಮಾನವಾಗಿತ್ತು. ಡಾ. ಲೋಬೊ ಗುಂಡಿ ಒತ್ತಿ ಹಿಡಿದಿದ್ದರು. ಯಾದವರಿಗೆ ಎರಡು ಬಾಗಿಲಿಗೆ ಇನ್ನೂ ಇಪ್ಪತ್ತು ನಿಮಿಷದ ಕೆಲಸವಿತ್ತು.

"ಪಟ್ಟಿಗೆ ಸೇರಿಸಿ ಸಾರ್! ಈಗ ಸೇರಿಸಿ!"

ಒಂಬತ್ತು ಇಪ್ಪತ್ತನಾಲ್ಕಕ್ಕೆ ನಾನು ನಮೂನೆ ತೆರೆದೆ. ಹೆಸರು ಬರೆದೆ. ಹುದ್ದೆ ಕೇಳಿತು. ಕೊಟ್ಟ ಹುದ್ದೆಗಳಲ್ಲಿ ಒಂದನ್ನು ಆರಿಸಬೇಕು, ಎಲ್ಲವೂ ವಿಜ್ಞಾನಿ. ಕೈಗೆ ಸಿಕ್ಕಿದ್ದು 'ಅತಿಥಿ ವಿಜ್ಞಾನಿ.' ವಿದ್ಯಾರ್ಹತೆ, ಏಳನೆಯ ತರಗತಿ. ಪರಿಚಯ, ನೂರು ಪದಕ್ಕೆ ಕಡಿಮೆ ಇಲ್ಲದಂತೆ. ಈ ನಿಯಮವೂ ನನ್ನದೇ. ವಿಜ್ಞಾನಿಗಳು ಒಂದೇ ಸಾಲು ಬರೆದು ತಪ್ಪಿಸಿಕೊಳ್ಳುತ್ತಿದ್ದರು.

ಬರೆದೆ. 'ಹುಟ್ಟಿದ್ದು ಪಡುಕೆರೆ. ಬೋಟಿನ ಇಂಜಿನ್ ಬಲ್ಲರು. ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೂ ಹಿಡಿಯನ್ನು ಕಿವಿಗೂ ಇಟ್ಟು, ನೀರು ಎಲ್ಲಿ ಜಿನುಗುತ್ತಿದೆ ಎಂದು ಯಂತ್ರಕ್ಕಿಂತ ಮೊದಲು ಹೇಳುತ್ತಾರೆ. ಐದು ಜನರ ಅಕ್ಕಿಯಲ್ಲಿ ಆರು ಜನರಿಗೆ ಬಡಿಸುತ್ತಾರೆ.' ಅಲ್ಲಿಗೆ ಪದ ಮುಗಿದವು. ಉಳಿದ ಜಾಗಕ್ಕೆ 'ಈಗ ಕೆಳಗಿದ್ದಾರೆ' ಎಂದು ಬರೆದು, ಅದನ್ನೇ ಮತ್ತೆ ಮತ್ತೆ ಅಂಟಿಸುತ್ತಾ ಹೋದೆ. ಈಗ ಕೆಳಗಿದ್ದಾರೆ. ಈಗ ಕೆಳಗಿದ್ದಾರೆ. ನಲವತ್ತು ಸಲವಾದರೂ ಅಂಟಿಸಿರಬೇಕು, ಎಣಿಸಲಿಲ್ಲ.

ಫೋಟೋ ಕೇಳಿತು. ಮೀನು ಹೊತ್ತ ಯಾದವರನ್ನು ಹಾಕಿದೆ.

"ಚಿಕ್ಕದು ಮಾಡಿ ಸಾರ್!" ಝೀನತ್ ಕೂಗಿದಳು. "ಪಟ್ಟಿ ಕೆಳಗೆ ಹೋಗುವಾಗ ಫೋಟೋ ಸಮೇತ ಹೋಗ್ತದೆ. ಒಂದೇ ಕಟ್ಟು ಅದು. ಕೊನೇ ಅಕ್ಷರ ಮುಟ್ಟುವ ತನಕ ಕೆಳಗಿನ ಯಂತ್ರ ಬಿಚ್ಚುದಿಲ್ಲ!"

ಚಿಕ್ಕದು ಮಾಡಿ ಹಾಕಿದೆ. ನಮೂನೆ ಕೆಂಪಾಯಿತು: 'ಮುಖ ಸ್ಪಷ್ಟವಾಗಿರಲಿ. ಮುನ್ನೂರು ಕೆಬಿಗಿಂತ ಕಡಿಮೆ ಇರುವ ಫೋಟೋ ಸ್ವೀಕರಿಸುವುದಿಲ್ಲ.'

"ಯಾರು ಸಾರ್ ಈ ನಿಯಮ ಹಾಕಿದ್ದು?"

ದೊಡ್ಡದನ್ನೇ ಹಾಕಿದೆ.

ಕಟ್ಟಿಯವರು ಚಪ್ಪಲಿ ಇಲ್ಲದೆ ಓಡಿಬಂದಿದ್ದರು. ಮಂಜೂರಾತಿಯ ಸಂಖ್ಯೆ ಅವರ ಮೊಬೈಲಿಗೆ ಬರಬೇಕು, ಮೊಬೈಲ್ ಅವರ ಕೋಣೆಯಲ್ಲಿತ್ತು. ಮತ್ತೆ ಓಡಿದರು, ತಂದರು, ಓದಿ ಹೇಳಿದರು. ಕೋರ್ಟಿನ ಮಾತು ಆಗ ಯಾರಿಗೂ ನೆನಪಿರಲಿಲ್ಲ. "ಮಂಜೂರ್ರಿ, ಮಂಜೂರು! ಕಳಸ್ರಿ!"

ಒಂಬತ್ತು ಮೂವತ್ತೊಂದಕ್ಕೆ ಯಾದವ ಮೆಂಡನ್ ನಮ್ಮ ತಂಡಕ್ಕೆ ಸೇರಿದರು. ಪುಟದಲ್ಲಿ ಆರನೆಯ ಮುಖ ಕಾಣಿಸಿತು, ಪಕ್ಕದಲ್ಲಿ ಹಸಿರು ದೀಪ. ಪಟ್ಟಿ ಸದ್ದಾಗಿ ಕಡಲಿಗೆ ಇಳಿಯತೊಡಗಿತು. ಪರದೆಯ ಮೇಲೆ ಒಂದು ಗೆರೆ ತೆವಳಿತು: 'ಉಳಿದ ಸಮಯ: ಮೂವತ್ತಮೂರು ನಿಮಿಷ.'

ಡಾ. ಲೋಬೊ ಕೆಳಗೆ ಇನ್ನೊಂದು ಉಪಾಯ ಮಾಡಿದ್ದರು. ತಾವೇ ಗೋಳದಿಂದ ಹೊರಗಿಳಿದರೆ 'ಐದರಲ್ಲಿ ನಾಲ್ಕು' ಎಂದಾಗಿ ಬಾಗಿಲು ಕಾದೀತು ಎಂದು ಇಳಿದರು. ಸಂಖ್ಯೆ ಐದೇ ಇತ್ತು. ಬಾಗಿಲಿನ ಯಂತ್ರ ಒಳಗೆ ಬರುವವರನ್ನು ಮಾತ್ರ ಎಣಿಸುತ್ತಿತ್ತು. ಹೊರಗೆ ಹೋಗುವವರೂ ಇರಬಹುದೆಂದು ಮಾಡಿದವರಿಗೆ ಹೊಳೆದಿರಲಿಲ್ಲ. ಬಾಗಿಲು ಕದಲಿದಾಗ ಒಳಗಿನವರು ಅವರ ತೋಳು ಹಿಡಿದು ಎಳೆದುಕೊಂಡರು.

ಒಂಬತ್ತು ಮೂವತ್ತಾರು. ಗೋಳ ಕಳಚಿಕೊಂಡಿತು. ಪಟ್ಟಿ ನೂರಕ್ಕೆ ಹದಿನೈದು ಭಾಗ ತಲುಪಿತ್ತು. ಫೋಟೋ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ, ಅಷ್ಟರಲ್ಲಿ ಆಕಾಶ ಮಾತ್ರ ಹೋಗಿರಬೇಕು.

ಒಂಬತ್ತು ನಲವತ್ತಕ್ಕೆ ಯಾದವರು ಎರಡನೆಯ ಬಾಗಿಲನ್ನೂ ಭದ್ರ ಮಾಡಿ ಮೂರನೆಯ ಕೋಣೆಗೆ ಬಂದರು. ಕೋಣೆ ಒಣಗಿತ್ತು. ಗೋಳ ಇರಬೇಕಾದ ಕಡೆ ಒಂದು ಮುಚ್ಚಿದ ಬಾಗಿಲಿತ್ತು.

ಪಟ್ಟಿಯ ಕಳುಹಿಕೆಯನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಕೊನೆಯ ಅಕ್ಷರ ತಲುಪಿತು. ಎರಡು ನಿಮಿಷ ಬಿಟ್ಟು ಕೆಳಗಿನಿಂದ ಸಂದೇಶ ಬಂತು. ಝೀನತ್ ಗಟ್ಟಿಯಾಗಿ ಓದಿದಳು. 'ಇಲ್ಲಿ ಗೋಡೆಯ ಪರದೆಯಲ್ಲಿ ನನ್ನ ಫೋಟೋ ಬಂತು. ಮೀನು ಹೊತ್ತದ್ದು ಯಾಕೆ ಹಾಕಿದ್ದು ಮಾರಾಯ್ರೆ, ಒಳ್ಳೆ ಶರ್ಟಿಂದು ಮನೆಯಲ್ಲಿ ಉಂಟು.'

ಗೋಳ ಇರುವುದು ಒಂದೇ. ಅದು ಮೇಲೆ ಬಂದು, ಹಡಗು ತಲುಪಿ, ಹೊಸ ಕಬ್ಬಿಣದ ಭಾರ ಕಟ್ಟಿ ಮತ್ತೆ ಇಳಿಸಲು ಎರಡು ದಿನ ಬೇಕು. ಮೂರನೆಯ ಕೋಣೆಯಲ್ಲಿದ್ದ ಗಾಳಿ ಆರು ಗಂಟೆಯದು.

ಲೋಲಾಕ್ಷಿ ಹನ್ನೊಂದಕ್ಕೆ ಬಂದರು. ಕೈಯಲ್ಲಿ ಇನ್ನೂ ಮೀನಿನ ಪೊರೆ ಅಂಟಿತ್ತು. ಎರಡು ದಿನ, ಆರು ಗಂಟೆ ಎಂಬುದನ್ನು ಬಾಗಿಲಲ್ಲೇ ನಾನು ಹೇಳಿದೆ. ಕಟ್ಟಿಯವರು ಗೋಡೆಗೆ ಸರಿದು ನಿಂತರು. ಝೀನತ್ ಪಕ್ಕದ ಕುರ್ಚಿ ಎಳೆದುಕೊಟ್ಟಳು.

"ಎಂತ ಹೇಳ್ಬೇಕು ಹೇಳಿ ಅಕ್ಕ, ನಾನು ಬರೀತೇನೆ."

ಲೋಲಾಕ್ಷಿ ಪರದೆ ನೋಡಿದರು. "ಫೋಟೋ ನಾನೇ ಕೊಟ್ಟದ್ದು ಅಂತ ಹೇಳು."

ಉತ್ತರ ಬಂತು. 'ಹಾಗಾದ್ರೆ ಸರಿ. ಅಮ್ಮ ನೋಡಿದ್ರಾ?'

ಸೀತಕ್ಕನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. "ನೋಡಿದ್ರು ಅಂತ ಹೇಳು" ಎಂದರು ಲೋಲಾಕ್ಷಿ. "ನಂಬಿದ್ರು ಅಂತ ಹೇಳು."

'ಅಂತೂ ನಂಬಿದ್ರಲ್ಲ. ಗೋಳ ಯಾವಾಗ ವಾಪಸ್?'

ಕಟ್ಟಿಯವರು ನೆಲ ನೋಡುತ್ತ ಮೆಲ್ಲನೆ ಹೇಳಿದರು. "ಸಂಜೀಕ ಬರ್ತದ ಅಂತ ಹೇಳ್ರೆವಾ. ಧೈರ್ಯ ಇರ್ಲಿ ಅವಗ."

ಲೋಲಾಕ್ಷಿ ತಿರುಗಿ ಅವರನ್ನು ನೋಡಿದರು. "ಅವರು ಮೆಕ್ಯಾನಿಕ್ ಸಾರ್. ಗಾಳಿಯ ಮುಳ್ಳು ಅವರ ಕಣ್ಣೆದುರೇ ಉಂಟು." ಮತ್ತೆ ಝೀನತ್ ಕಡೆಗೆ ತಿರುಗಿ, "ನಾಡಿದ್ದು ಅಂತ ಹೇಳು" ಎಂದರು.

ಆ ಉತ್ತರಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. 'ಗೊತ್ತಾಯ್ತು.'

ಆಮೇಲಿನ ನಾಲ್ಕು ಗಂಟೆ ಅವರಿಬ್ಬರು ಮಾತಾಡಿದ್ದನ್ನು ನಾನು ಪೂರ್ತಿ ಬರೆಯುವುದಿಲ್ಲ. ಅದರಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಬಾವಿಯ ಪಂಪಿನ ಬೆಲ್ಟ್ ಯಾರ ಹತ್ತಿರ ಹಾಕಿಸಬೇಕು ಎಂದಿತ್ತು. ಸೀತಕ್ಕನ ಕಣ್ಣಿನ ಆಪರೇಷನ್ ಮಳೆಗಾಲಕ್ಕೆ ಮುಂಚೆ ಮಾಡಿಸು ಎಂದಿತ್ತು. ನಡುವೆ ನಮಗೂ ಒಂದು ಬಂತು: 'ಮುಂದೆ ಕಪ್ಪು ರಬ್ಬರಿನ ಬಳೆ ಹಾಕಬೇಡಿ, ಹಳೇ ಕಂದು ಬಣ್ಣದ್ದೇ ಒಳ್ಳೇದು. ಮೊನ್ನೆಯಿಂದ ಸದ್ದು ಬೇರೆ ಇತ್ತು. ಹೇಳಿದ್ದೆ.' ಹೇಳಿದ್ದರು. ಅದಕ್ಕೂ ಒಂದು ಟಿಪ್ಪಣಿ ಸಂಖ್ಯೆ ಬಿದ್ದಿತ್ತು.

ಮೂರು ಗಂಟೆಯ ಹೊತ್ತಿಗೆ ಅಕ್ಷರಗಳು ತಪ್ಪತೊಡಗಿದವು. ಮೂರು ಇಪ್ಪತ್ತಕ್ಕೆ ಬಂದದ್ದೇ ಕೊನೆಯದು: 'ನಿದ್ದೆ ಬರ್ತಾ ಉಂಟು. ದೀಪ ಆರಿಸ್ಬೇಡಿ.'

ಯಾವ ದೀಪ ಎಂದು ಝೀನತ್ ಕೇಳಿ ಕಳಿಸಿದಳು. ಉತ್ತರ ಬರಲಿಲ್ಲ.

ಐವರು ಬದುಕಿ ಬಂದರು. ಗೋಳ ಮತ್ತೆ ಇಳಿಯುವ ಮೊದಲೇ ಎರಡನೆಯ ಬಾಗಿಲೂ ಬಿಟ್ಟುಕೊಟ್ಟಿತು. ಯಾದವರನ್ನು ಮೇಲೆ ತರಲಾಗಲಿಲ್ಲ. ಈಗ ಮೂರು ಕೋಣೆಗಳಲ್ಲೂ ನೀರಿದೆ. ಕಬ್ಬಿಣ ತಿನ್ನುವ ಜೀವಿಗಳಿಗೆ ಇನ್ನು ಅಡ್ಡಿಯಿಲ್ಲ.

ವಿಚಾರಣೆಗೆ ಸಮಿತಿ ನೇಮಕವಾಯಿತು. ಅದು ಬರುವ ಹಿಂದಿನ ದಿನ ಕಟ್ಟಿಯವರು ನನ್ನ ಮೇಜಿನ ಪಕ್ಕ ಬಂದು ಕೂತರು. ಒಂದೇ ತಿಂಗಳಲ್ಲಿ ಬಹಳ ಮುದುಕರಾಗಿದ್ದರು.

"ಐತಾಳ್ರ, ಆ ಪುಟದಾಗ 'ಸೇರ್ಪಡೆ: ಒಂಬತ್ತು ಮೂವತ್ತೊಂದು' ಅಂತ ಐತಲ್ಲ, ಅದನ್ನ ಜನವರಿ ಒಂದು ಮಾಡ್ರಿ. ಮೊದಲಿಂದನ ತಂಡದಾಗ ಇದ್ದ ಅಂತಾತು. ವಿಮೆ ಅಕಿಗೆ ಸಿಗ್ತದ. ಅಕಿಗೂ ಛಲೋ, ನಮಗೂ ಛಲೋ. ಅಕಿ ಒಂದು ಸಹಿ ಮಾಡಿದ್ರ ಆತು."

ಮಧ್ಯಾಹ್ನ ಲೋಲಾಕ್ಷಿ ಆ ಕಾಗದ ಹಿಡಿದುಕೊಂಡು ಬಂದರು. ಸಹಿ ಮಾಡಿರಲಿಲ್ಲ.

"ಇದನ್ನ ಓದಿದೆ ಸಾರ್. ಜನವರಿಯಿಂದ ಇವರ ಹೆಸರು ಪಟ್ಟಿಯಲ್ಲಿ ಇದ್ದಿದ್ರೆ ಬಾಗಿಲು ಕಾಯ್ತಿತ್ತಲ್ವಾ?"

"ಕಾಯುತ್ತಿತ್ತು."

"ಕಾಯ್ಲಿಲ್ಲ. ಅಂದ ಮೇಲೆ ತಪ್ಪು ಯಾರದ್ದಾಗ್ತದೆ? ಎಲ್ಲ ಸರಿ ಇತ್ತು, ಇವರೇ ಬರ್ಲಿಕ್ಕೆ ತಡ ಮಾಡಿದ್ದು ಅಂತ ಆಗ್ತದೆ."

ನನಗೆ ಅದು ಹೊಳೆದಿರಲಿಲ್ಲ. ಕಟ್ಟಿಯವರಿಗೆ ಹೊಳೆದಿತ್ತೋ ಇಲ್ಲವೋ, ಇಂದಿಗೂ ಕೇಳುವ ಧೈರ್ಯವಿಲ್ಲ.

"ನಿಜಕ್ಕೂ ಹೆಸರು ಹಾಕಿದ್ದು ಎಷ್ಟು ಗಂಟೆಗೆ?"

"ಒಂಬತ್ತು ಮೂವತ್ತೊಂದು."

"ಬಾಗಿಲು ಹಾಕಿದ್ದು?"

"ಒಂಬತ್ತು ಮೂವತ್ತಾರು."

"ಐದು ನಿಮಿಷ" ಎಂದರು ಲೋಲಾಕ್ಷಿ. "ನಾಲ್ಕು ವರ್ಷ ದುಡಿದವರು ಐದು ನಿಮಿಷ ನಿಮ್ಮ ತಂಡದಲ್ಲಿದ್ರು. ಅದನ್ನ ತಿದ್ದಬೇಡಿ ಸಾರ್. ಸಮಿತಿಗಾದ್ರೂ ಸರಿ, ಕೋರ್ಟಿಗಾದ್ರೂ ಸರಿ, ನಾನು ಆ ಐದು ನಿಮಿಷ ಹಿಡ್ಕೊಂಡೇ ಹೋಗ್ತೇನೆ."

"ವಿಮೆ?"

"ಅದೂ ಬೇಕು. ಸುಳ್ಳಿಗೆ ಬೇಡ."

ತಿದ್ದಲಿಲ್ಲ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, ಅತ್ತೆ ಈಗ ದಿನಾ ಬೆಳಿಗ್ಗೆ ಫೋನ್ ತೋರಿಸಲು ಹೇಳುತ್ತಾರೆ ಎಂದರು. ವಿಷಯವೆಲ್ಲ ಹೇಳಿಯಾಗಿದೆ. ಆದರೂ ಹಸಿರು ದೀಪ ನೋಡುತ್ತಾರೆ. ಬೊಂಬಾಯಿಯ ಮಾತು ಎತ್ತುವುದಿಲ್ಲ. "ಅಲ್ಲೇ ಇದ್ದಾನೆ" ಎಂದು ಕೇರಿಯವರಿಗೆ ಹೇಳುತ್ತಾರಂತೆ.

ಸಮಿತಿಯವರಿಗೆ ಆ ದೀಪ ಸರಿ ಕಾಣಲಿಲ್ಲ. ಆರಿಸಿ ಎಂದರು. ನಮೂನೆಯನ್ನು ತೆರೆದು ತೋರಿಸಿದೆ. ಸದಸ್ಯರನ್ನು ಕರ್ತವ್ಯದಿಂದ ಬಿಡಿಸಬೇಕಾದರೆ 'ಮೇಲೆ ಬಂದ ದಿನಾಂಕ' ತುಂಬಬೇಕು. ವರ್ಗವಾಗಿ ಹೋದವರು ಪುಟದಲ್ಲಿ ಉಳಿಯಬಾರದೆಂದು ಆ ನಿಯಮವನ್ನೂ ನಾನೇ ಮಾಡಿದ್ದೆ. ಆ ಜಾಗ ಖಾಲಿ ಬಿಟ್ಟರೆ ಪುಟ ಮುಂದಕ್ಕೆ ಹೋಗುವುದಿಲ್ಲ.